ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ

ಹಾನಗಲ್ಲಿರಲಿ, ಶಿಗ್ಗಾವಿ, ಸವಣೂರು, ಹಿರೇಕೆರೂರಿರಲಿ, ಉತಾರ ತೆಗೆಸೋಕೆ ಸಾಲಲ್ಲಿ ನಿಂತವರು ಈ ಮಾತು ಕೇಳೇ ಇರ್ತೀರಿ. ಆದರೆ ನಿಜಕ್ಕೂ ಕೈಕೊಟ್ಟಿದ್ದು ಸರ್ವರ್ರೋ, ನಡುವಿನ ಲೈನೋ, ಮೂಲೆಯಲ್ಲಿ ಕೂತಿರೋ ರೌಟರ್ರೋ? ಅದನ್ನು ಪತ್ತೆ ಹಚ್ಚೋ ವ್ಯವಸ್ಥೆಯ ಕಥೆ ಇದು.

1983ರಲ್ಲಿ ಮೈಕ್ ಮೂಸ್ ಬರೆದ 'ಪಿಂಗ್', ಯಂತ್ರ ಉತ್ತರ ಕೊಡುತ್ತೋ ಇಲ್ಲವೋ ಅಂತ ಹೇಳುತ್ತಿತ್ತು. ಇಂಟರ್ನೆಟ್ ಬೆಳೆದಂತೆ ಅದು ಸಾಲಲಿಲ್ಲ. ಜೆಫ್ರಿ ಕೇಸ್, ಜೇಮ್ಸ್ ಡೇವಿನ್, ಮಾರ್ಕ್ ಫೆಡರ್, ಮಾರ್ಟಿನ್ ಶಾಫ್‌ಸ್ಟಾಲ್ ಸೇರಿ 1987ರಲ್ಲಿ ಎಸ್‌ಜಿಎಂಪಿ, 1988ರಲ್ಲಿ ಎಸ್‌ಎನ್‌ಎಂಪಿ ತಂದರು. ಮುಂದೆ ಸಿಎಂಐಪಿ ಅನ್ನೋ ದೊಡ್ಡ ವ್ಯವಸ್ಥೆ ಬರೋತನಕ ಇದು ತಾತ್ಕಾಲಿಕ ಅಂತಿತ್ತು ಲೆಕ್ಕ. ಆ ಭಾರೀ ವ್ಯವಸ್ಥೆ ಟೆಲಿಕಾಂ ಕಂಪನಿಗಳಾಚೆ ಬೇರೂರಲೇ ಇಲ್ಲ, ತಾತ್ಕಾಲಿಕವೇ ಕಾಯಂ ಆಯ್ತು!

ಇದರ ಕೆಲಸ ನಮ್ಮ ತಹಶೀಲ್ದಾರ್-ತಲಾಠಿ ವ್ಯವಹಾರದ ಹಾಗೇ. ಪ್ರತಿ ರೌಟರ್‌ನಲ್ಲೂ ಒಬ್ಬ 'ಏಜೆಂಟ್', ಅವನ ಹತ್ತಿರ 'ಎಂಐಬಿ' ಅನ್ನೋ ದಫ್ತರ. ಮೇಲಿನ 'ಮ್ಯಾನೇಜರ್' ಆಗಾಗ ಕೇಳ್ತಾನೆ (ಗೆಟ್), ಬೇಕಾದ್ರೆ ದಫ್ತರದ ನಮೂದು ಬದಲಿಸಿ ಯಂತ್ರದ ನಡತೆಯನ್ನೇ ಬದಲಿಸ್ತಾನೆ (ಸೆಟ್). ಅವಘಡವಾದ್ರೆ ಏಜೆಂಟ್ ತಾನಾಗೇ ಸುದ್ದಿ ಕಳಿಸ್ತಾನೆ (ಟ್ರ್ಯಾಪ್). ಕೇಳೋಕೆ ಯುಡಿಪಿ ಪೋರ್ಟ್ 161, ಸುದ್ದಿಗೆ 162.

ನಮ್ಮ ಕಡೆ 2001ರ ಹೊತ್ತಿಗೆ 'ಭೂಮಿ' ಬಂದಾಗ ಸರ್ವರ್ ತಾಲ್ಲೂಕು ಕಚೇರಿಯಲ್ಲೇ ಇತ್ತು. ಕೆಟ್ಟರೆ ಪಕ್ಕದ ಕೋಣೆಗೆ ಹೋಗಿ ನೋಡಿದ್ರೆ ಸಾಕಿತ್ತು. 2002ರ 'ಖಜಾನೆ' ಯೋಜನೆ ಸರ್ಕಾರಿ ಖಜಾನೆಗಳನ್ನು ವಿಸ್ಯಾಟ್ ಉಪಗ್ರಹದ ಮೂಲಕ ಜೋಡಿಸಿತು. ಆ ಉಪಗ್ರಹ ಇರೋದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಅಂಥ ದಾರಿಯಲ್ಲಿ ಪ್ರಶ್ನೆ ಹೋಗಿ ಉತ್ತರ ಬರೋಕೆ ಅರ್ಧ ಸೆಕೆಂಡ್. ಮುಂದೆ ಭೂಮಿಯ ದಾಖಲೆಗಳೂ ಬೆಂಗಳೂರಿಗೆ ಸೇರಿದವು. ಮುನ್ನೂರಕ್ಕೂ ಹೆಚ್ಚು ಕಿ.ಮೀ. ದೂರದ ಲೈನೇ ರೈತನ ಜೀವನಾಡಿಯಾಯ್ತು.

ಇಲ್ಲೊಂದು ತಮಾಷೆ ಇದೆ. ಊರಿಗಿರೋದು ಒಂದೇ ಲೈನ್, ಅದೇ ಕಡಿದ್ರೆ ಟ್ರ್ಯಾಪ್ ಹೋಗೋದಾದ್ರೂ ಹೇಗೆ? ಅದಕ್ಕೇ ಮ್ಯಾನೇಜರ್ ಕೇಳ್ತಾನೇ ಇರಬೇಕು. ಉತ್ತರ ಬರದಿರೋದೇ ಸುದ್ದಿ. ಇನ್ನು ಭದ್ರತೆ.. ಮೊದಲ ಆವೃತ್ತಿಯಲ್ಲಿ ಗುಟ್ಟಿನ ಪದ ಬಯಲಲ್ಲೇ ಸಾಗುತ್ತಿತ್ತು, ಎಷ್ಟೋ ಕಡೆ ಅದು 'ಪಬ್ಲಿಕ್' ಅಂತಲೇ ಇರುತ್ತಿತ್ತು! 2002ರಲ್ಲಿ ಪೂರ್ಣ ಮಾನಕವಾದ ಮೂರನೇ ಆವೃತ್ತಿ ಗುರುತು ಪರೀಕ್ಷೆ, ಗೂಢಲಿಪಿ ಎರಡನ್ನೂ ಕೊಟ್ಟಿತು.

ಯಾವ ಊರಿನ ಕೊಂಡಿ ಎಷ್ಟೊತ್ತಿಗೆ ಕಡಿಯಿತು ಅಂತ ಹೇಳೋ ವಿದ್ಯೆ 1988ರಿಂದಲೇ ಇದೆ. ಆದರೆ ಆ ಸುದ್ದಿ ಬೆಂಗಳೂರಿನ ಪರದೆಯ ಮೇಲೆ ಕೆಂಪು ಚುಕ್ಕೆಯಾಗಿ ನಿಂತುಬಿಟ್ಟರೆ? ಒಂದು ದಿನದ ಕೂಲಿ, ಬಸ್ ಚಾರ್ಜು ಕಳಕೊಂಡು ಸಾಲಲ್ಲಿ ನಿಂತವನಿಗೆ "ಲೈನ್ ಹನ್ನೊಂದಕ್ಕೆ ಹೋಗೇತ್ರಿ, ರಿಪೇರಿ ನಡದೈತಿ" ಅಂತ ಹೇಳೋರು ಬೇಕಲ್ವಾ? ಟ್ರ್ಯಾಪ್ ಅವನಿಗೂ ಮುಟ್ಟಬೇಕು. ನೀವೇನಂತೀರಿ?