ಮಗುವಿನ ಮಲದಲ್ಲಿ ರಕ್ತ: ಹೆದರಬೇಕಾದದ್ದು ಯಾವಾಗ?

ಎರಡು-ಮೂರು ವರ್ಷದ ಮಗು ಬೆಳಿಗ್ಗೆ ಮಲವಿಸರ್ಜನೆಗೆ ಕುಳಿತು ಅಳುತ್ತದೆ. ತೊಳೆಯಲು ಹೋದ ತಾಯಿಯ ಕೈಗೆ ಒಂದೆರಡು ಹನಿ ರಕ್ತ ಅಂಟುತ್ತದೆ. ಆ ಕ್ಷಣದಲ್ಲಿ ಮನೆಮಂದಿಗೆ ಹೊಳೆಯುವುದು ಮೂಲವ್ಯಾಧಿ, ಕರುಳಿನ ಹುಣ್ಣು ಮುಂತಾದ ಭಯಂಕರ ಹೆಸರುಗಳೇ. ಆದರೆ ಈ ವಯಸ್ಸಿನಲ್ಲಿ ಮೂಲವ್ಯಾಧಿ ಅಪರೂಪ. ಇಂತಹ ರಕ್ತಕ್ಕೆ ಬಹುಪಾಲು ಕಾರಣ, ಗಟ್ಟಿ ಮಲ ಹೊರಬರುವಾಗ ಗುದದ್ವಾರದ ಅಂಚಿನಲ್ಲಿ ಉಂಟಾಗುವ ಸಣ್ಣ ಬಿರುಕು. ವೈದ್ಯರು ಇದನ್ನು ಫಿಶರ್ ಎನ್ನುತ್ತಾರೆ.

ಬಿರುಕಿನಿಂದ ಬರುವ ರಕ್ತ ಕಡುಗೆಂಪಾಗಿರದೆ ಹೊಳೆಯುವ ಕೆಂಪಾಗಿರುತ್ತದೆ. ಮಲದೊಳಗೆ ಬೆರೆಯದೆ ಅದರ ಮೇಲೆ ಗೆರೆಯಂತೆ ಕಾಣುತ್ತದೆ, ಇಲ್ಲವೇ ಕೊನೆಯಲ್ಲಿ ಹನಿಯಾಗಿ ಬೀಳುತ್ತದೆ. ರಕ್ತದ ಪ್ರಮಾಣ ಅತ್ಯಲ್ಪವಾದ್ದರಿಂದ ಅದರಿಂದಲೇ ಅಪಾಯವಿಲ್ಲ. ತೊಂದರೆ ಇರುವುದು ನೋವಿನಲ್ಲಿ. ಒಮ್ಮೆ ನೋವುಂಡ ಮಗು ಮರುದಿನ ಮಲವನ್ನು ತಡೆಹಿಡಿಯುತ್ತದೆ. ಒಳಗೇ ಉಳಿದ ಮಲದಿಂದ ದೊಡ್ಡ ಕರುಳು ಇನ್ನಷ್ಟು ನೀರು ಹೀರಿಕೊಳ್ಳುತ್ತದೆ. ಮಲ ಮತ್ತಷ್ಟು ಗಟ್ಟಿಯಾಗಿ, ಮಾಯುತ್ತಿದ್ದ ಬಿರುಕು ಪುನಃ ಸೀಳುತ್ತದೆ.

ತಡೆಹಿಡಿಯುವ ಮಗುವನ್ನು ಗುರುತಿಸುವುದು ಹೆತ್ತವರಿಗೂ ಸುಲಭವಲ್ಲ. ಮಗು ಬಾಗಿಲ ಮರೆಗೆ ಹೋಗಿ ತುದಿಗಾಲಲ್ಲಿ ನಿಲ್ಲುತ್ತದೆ, ಕಾಲುಗಳನ್ನು ಬಿಗಿಯಾಗಿ ಹೆಣೆದುಕೊಳ್ಳುತ್ತದೆ, ಮುಖ ಕೆಂಪಾಗುತ್ತದೆ. ಪಾಪ, ಮುಕ್ಕುತ್ತಿದೆ ಎಂದು ಮನೆಯವರು ಭಾವಿಸುತ್ತಾರೆ. ನಿಜದಲ್ಲಿ ಅದು ಮಲವನ್ನು ಒಳಗೇ ಉಳಿಸಿಕೊಳ್ಳಲು ಹೋರಾಡುತ್ತಿರುತ್ತದೆ! ಇದು ವಾರಗಟ್ಟಲೆ ಮುಂದುವರಿದರೆ ಗುದನಾಳ ಹಿಗ್ಗಿ, ಮಲ ಬಂದಿರುವ ಅರಿವೇ ಕುಂದುತ್ತದೆ. ಗಟ್ಟಿಯ ಸುತ್ತಲಿಂದ ತೆಳು ಮಲ ಸೋರಿ ಚಡ್ಡಿ ಕೊಳೆಯಾಗುತ್ತದೆ. ಇದನ್ನು ಭೇದಿಯೆಂದು ತಿಳಿದು ಭೇದಿ ನಿಲ್ಲಿಸುವ ಔಷಧ ಕೊಟ್ಟರೆ ಸಮಸ್ಯೆ ಇಮ್ಮಡಿಯಾಗುತ್ತದೆ.

ಶೌಚದ ಅಭ್ಯಾಸ ಮಾಡಿಸುವ ವಯಸ್ಸು, ಊಟ ಬಿಟ್ಟು ಹಾಲು-ಬಿಸ್ಕತ್ತಿನಲ್ಲೇ ದಿನ ಕಳೆಯುವ ಚಾಳಿ, ಶಿಶುವಿಹಾರದ ಅಪರಿಚಿತ ಶೌಚಾಲಯ ಇವೆಲ್ಲ ಮಲಬದ್ಧತೆಗೆ ಹಾದಿ ಮಾಡುತ್ತವೆ. ಹಾಲು ದಿನಕ್ಕೆ ಅರ್ಧ ಲೀಟರ್ ಮೀರದಿರುವುದು ಒಳ್ಳೆಯದು. ರಾಗಿ, ಸೊಪ್ಪು, ಪಪ್ಪಾಯಿ, ನೆನೆಸಿದ ಒಣದ್ರಾಕ್ಷಿ ಹಾಗೂ ಸಾಕಷ್ಟು ನೀರು ಮಲವನ್ನು ಮೃದುವಾಗಿಸುತ್ತವೆ. ಊಟದ ನಂತರ ಕರುಳಿನ ಚಲನೆ ಸಹಜವಾಗಿಯೇ ಹೆಚ್ಚುವುದರಿಂದ, ಆಗ ಐದು-ಹತ್ತು ನಿಮಿಷ ಬೈಯದೆ, ಅವಸರಿಸದೆ ಕೂರಿಸಬೇಕು. ಕಮೋಡಿನ ಮೇಲೆ ಕಾಲು ಜೋತುಬಿದ್ದರೆ ಮಗುವಿಗೆ ಒತ್ತಡ ಹಾಕಲಾಗದು; ಪಾದದಡಿ ಒಂದು ಮಣೆ ಇಟ್ಟರೆ ಸಾಕು. ಬಿಸುಪಾದ ನೀರಿನ ಟಬ್ಬಿನಲ್ಲಿ ಕೂರಿಸುವುದು, ವ್ಯಾಸಲೀನ್ ಸವರುವುದು ನೋವನ್ನು ತಗ್ಗಿಸುತ್ತವೆ.

ಹರಳೆಣ್ಣೆಯಲ್ಲಿ ಅದ್ದಿದ ವೀಳ್ಯದೆಲೆಯ ತೊಟ್ಟು ಅಥವಾ ಸಾಬೂನಿನ ಚೂರನ್ನು ಗುದದ್ವಾರಕ್ಕೆ ತೂರಿಸುವ ರೂಢಿ ಹಲವು ಮನೆಗಳಲ್ಲಿ ಇನ್ನೂ ಇದೆ. ಸಾಬೂನು ಒಳಪೊರೆಯನ್ನು ಕೆರಳಿಸುತ್ತದೆ, ತೊಟ್ಟು ಗಾಯವನ್ನು ಕೆದಕುತ್ತದೆ. ಎರಡೂ ಮಗುವಿನ ಭಯವನ್ನು ಬೆಳೆಸುತ್ತವೆ. ವೈದ್ಯರು ಬರೆದುಕೊಡುವ ಲ್ಯಾಕ್ಟುಲೋಸ್ ಅಥವಾ ಪಾಲಿಎಥಿಲೀನ್ ಗ್ಲೈಕಾಲ್ ಮಲದಲ್ಲಿ ನೀರನ್ನು ಹಿಡಿದಿಡುವ ಔಷಧಗಳು. ಇವು ಚಟವಾಗುತ್ತವೆಂದು ಹೆದರಿ ವಾರದೊಳಗೆ ನಿಲ್ಲಿಸುವವರೇ ಹೆಚ್ಚು. ಬಿರುಕು ಒಂದೆರಡು ವಾರದಲ್ಲಿ ಮಾಯಬಹುದು, ಆದರೆ ತಡೆಹಿಡಿಯುವ ಅಭ್ಯಾಸ ಹೋಗಲು ತಿಂಗಳುಗಳೇ ಬೇಕಾಗಬಹುದು.

ಕೆಂಪೆಲ್ಲ ರಕ್ತವೂ ಅಲ್ಲ. ಹಿಂದಿನ ದಿನ ತಿಂದ ಬೀಟ್‌ರೂಟ್ ಅಥವಾ ಬಣ್ಣದ ಜೆಲ್ಲಿ ಎಷ್ಟೋ ತಾಯಂದಿರನ್ನು ಆಸ್ಪತ್ರೆಗೆ ಓಡಿಸಿದೆ.

ಹಾಗೆಂದು ಎಲ್ಲವನ್ನೂ ಬಿರುಕಿನ ತಲೆಗೆ ಕಟ್ಟುವಂತಿಲ್ಲ. ರಕ್ತದ ಜೊತೆ ಲೋಳೆ, ಜ್ವರ, ಪದೇಪದೇ ಭೇದಿ ಇದ್ದರೆ ಅದು ಆಮಶಂಕೆಯಿರಬಹುದು. ನೋವಿಲ್ಲದೆ ಆಗಾಗ್ಗೆ ರಕ್ತ ಕಾಣಿಸಿದರೆ ಗುದನಾಳದಲ್ಲಿ ಪಾಲಿಪ್ ಎಂಬ ಸಣ್ಣ ಗಂಟಿರುವ ಸಾಧ್ಯತೆಯಿದೆ. ಮಕ್ಕಳಲ್ಲಿ ಇದು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ, ಕೊಲೊನೋಸ್ಕೋಪಿಯ ಮೂಲಕ ತೆಗೆಯಬಹುದು. ವರ್ಷ ತುಂಬದ ಶಿಶುವಿನಲ್ಲಿ ಹಸುವಿನ ಹಾಲಿನ ಪ್ರೋಟೀನ್ ಒಗ್ಗದಿದ್ದರೂ ಮಲದಲ್ಲಿ ರಕ್ತ ಕಾಣುತ್ತದೆ.

ಗಂಟೆಗಳ ಲೆಕ್ಕದಲ್ಲಿ ಧಾವಿಸಬೇಕಾದ ಸ್ಥಿತಿಯೂ ಒಂದಿದೆ. ಮಗು ಬಿಟ್ಟುಬಿಟ್ಟು ಕಿರುಚಿ ಅಳುತ್ತಾ ಕಾಲುಗಳನ್ನು ಹೊಟ್ಟೆಗೆ ಎಳೆದುಕೊಳ್ಳುವುದು, ವಾಂತಿ, ನಡುವೆ ಪೆಚ್ಚಾಗಿ ಮಲಗುವುದು, ಬಳಿಕ ಕೆಂಪು ಜೆಲ್ಲಿಯಂತಹ ಮಲ — ಇವು ಕರುಳಿನ ಒಂದು ಭಾಗ ಇನ್ನೊಂದರೊಳಗೆ ಸೇರಿಕೊಂಡಿರುವುದರ ಚಿಹ್ನೆಗಳು. ಎರಡು ವರ್ಷದೊಳಗಿನ ಮಕ್ಕಳಲ್ಲೇ ಇದು ಹೆಚ್ಚು. ಬೇಗ ಬಂದರೆ ಗಾಳಿ ಅಥವಾ ದ್ರವದ ಎನಿಮಾದಿಂದಲೇ ಸರಿಪಡಿಸಬಹುದು, ತಡವಾದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಟಾರಿನಂತೆ ಕಪ್ಪಾದ ಮಲ, ಹೆಚ್ಚು ಪ್ರಮಾಣದ ರಕ್ತ, ಮಗು ಬಿಳುಚಿಕೊಳ್ಳುವುದು ಕಂಡರೂ ಕಾಯಬಾರದು.

ಬಿರುಕನ್ನು ಗುರುತಿಸಲು ಸಾಮಾನ್ಯವಾಗಿ ಸ್ಕ್ಯಾನಿಂಗ್ ಬೇಡ, ವೈದ್ಯರು ಕಣ್ಣಿನಿಂದ ನೋಡಿದರೆ ತಿಳಿಯುತ್ತದೆ. ರಕ್ತ ಅಂಟಿದ ಡೈಪರ್ ಅಥವಾ ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ಒಯ್ದರೆ ಅನುಕೂಲ. ಮಲಬದ್ಧತೆ ಹುಟ್ಟಿದಾಗಿನಿಂದಲೇ ಇದ್ದರೆ, ಮಗು ಜನಿಸಿ ಎರಡು ದಿನದೊಳಗೆ ಮೊದಲ ಕಪ್ಪು ಮಲ ಹೋಗಿತ್ತೇ ಎಂದು ವೈದ್ಯರು ಕೇಳುತ್ತಾರೆ. ಹೋಗಿರದಿದ್ದರೆ ಕರುಳಿನ ನರಗಳ ಜನ್ಮಜಾತ ಕೊರತೆಯನ್ನು ಅವರು ಶಂಕಿಸಿ ಪರೀಕ್ಷೆಗೆ ಸೂಚಿಸುತ್ತಾರೆ.