ಕಿಟೆಲರ ಕ್ರಿಸ್ತಕಥೆ

ಕ್ರಿಸ್ಮಸ್ ಬಂದಾಗಲೆಲ್ಲ ನನಗೆ ಫರ್ಡಿನಂಡ್ ಕಿಟೆಲರ ನೆನಪಾಗುತ್ತದೆ. ಬಾಸೆಲ್ ಮಿಷನ್ನಿನಿಂದ 1853ರಲ್ಲಿ ಕನ್ನಡನಾಡಿಗೆ ಬಂದ ಅವರ ಉದ್ದೇಶ ಮತಪ್ರಚಾರವೇ, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಹೇಳುವ ಮೊದಲು ಅವರು ಕೇಳಿದರು. ಕೆಂಪಾಪುರದ ಜಗುಲಿಯಲ್ಲಿ ಗಮಕ ಕೇಳಿ ಬೆಳೆದ ನಾನು ಬಲ್ಲೆ: ನಮ್ಮಲ್ಲಿ ಕಥೆ ಮನೆಯೊಳಕ್ಕೆ ಬರುವುದು ಪದ್ಯದ ಕೈಹಿಡಿದು. ಕಿಟೆಲರೂ ಇದನ್ನು ಅರಿತಿದ್ದರೆಂದು ತೋರುತ್ತದೆ. 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆ ನಮ್ಮ ಛಂದಸ್ಸನ್ನೇ ಉಟ್ಟು ಬಂದಿತು. ಆ ನುಡಿಯೊಲವು ಅವರನ್ನು ಮತ್ತೆ ಬಿಡಲಿಲ್ಲ. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯ ಸಂಪಾದನೆ, 1894ರಲ್ಲಿ ಮಹಾನಿಘಂಟು. ಅವರ ಮತವನ್ನೊಪ್ಪದ ವಿದ್ವಾಂಸರೂ ಆ ನಿಘಂಟಿನ ಋಣದಿಂದ ಹೊರತಲ್ಲ. ಹಲವು ಮತಗಳ ಈ ನಾಡಿನಲ್ಲಿ ತನ್ನ ನಂಬಿಕೆಯನ್ನು ಹೇಳಹೊರಟವನು ನೆರೆಯವನ ನುಡಿಯನ್ನು ಮೊದಲು ಪ್ರೀತಿಸಲಿ. ಆಗ ನಂಬಿಕೆಯನ್ನು ಸ್ವೀಕರಿಸದವನಿಗೂ ಏನಾದರೊಂದು ಉಳಿಯುತ್ತದೆ, ನೆರೆತನವೂ ಕೆಡುವುದಿಲ್ಲ.