ನೇಣಿನ ಹಗ್ಗಕ್ಕೆ ಇಂಚಿಗೊಂದು ಗಿನಿ

ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ಬರಿ ಸೇಂಟ್ ಎಡ್ಮಂಡ್ಸ್ ಪಟ್ಟಣದಲ್ಲಿ ಮಾಯ್ಸಸ್ ಹಾಲ್ ಎಂಬ ವಸ್ತುಸಂಗ್ರಹಾಲಯವಿದೆ. ಅಲ್ಲಿಯ ಗಾಜಿನ ಪೆಟ್ಟಿಗೆಯಲ್ಲಿ ಒಂದು ಹಳೆಯ ಪುಸ್ತಕ. ಕಂದು ಬಣ್ಣದ ಚರ್ಮದ ರಟ್ಟು. ಆದರೆ ಆ ಚರ್ಮ ಆಡಿನದಲ್ಲ, ಕರುವಿನದೂ ಅಲ್ಲ. 1828ರಲ್ಲಿ ಗಲ್ಲಿಗೇರಿದ ವಿಲಿಯಂ ಕಾರ್ಡರ್ ಎಂಬ ಕೊಲೆಗಾರನದು. ಒಳಗಿನ ಪುಟಗಳಲ್ಲಿರುವುದು ಅವನದೇ ಮೊಕದ್ದಮೆಯ ವೃತ್ತಾಂತ! ಅದೇ ಚರ್ಮವನ್ನು ಬಳಸಿದ ಮತ್ತೊಂದು ಪುಸ್ತಕ ಕಚೇರಿಯ ಕಪಾಟಿನಲ್ಲಿ ಯಾರ ಗಮನಕ್ಕೂ ಬಾರದೆ ಕುಳಿತಿತ್ತು. 2025ರಲ್ಲಿ ಅದನ್ನೂ ಪ್ರದರ್ಶನಕ್ಕಿಡಲಾಯಿತು.

ಕೊಲೆಗಾರನೆಂದರೆ ಹೆದರುವ, ಹೇಸುವ ಜನ ಅವನ ವಸ್ತುಗಳನ್ನು ದುಡ್ಡು ಕೊಟ್ಟು ಕೊಂಡು ಜೋಪಾನ ಮಾಡುವುದೇಕೆ? ಇದು ಟಿ.ವಿ. ಯುಗದ ರೋಗವೆಂದು ಭಾವಿಸುವವರು ಕಾರ್ಡರನ ಕತೆಯನ್ನು ಒಮ್ಮೆ ಕೇಳಬೇಕು.

ಪೋಲ್‌ಸ್ಟೆಡ್ ಎಂಬ ಹಳ್ಳಿಯಲ್ಲಿ ಮೋಲ್ ಎಂಬ ಪ್ರಾಣಿಗಳನ್ನು ಹಿಡಿದು ಹೊಟ್ಟೆ ಹೊರೆಯುತ್ತಿದ್ದ ಥಾಮಸ್ ಮಾರ್ಟನ್‌ಗೆ ಮರಿಯಾ ಎಂಬ ಮಗಳಿದ್ದಳು. ಕಾರ್ಡರ್ ಅದೇ ಊರಿನ ಅನುಕೂಲಸ್ಥ ರೈತನ ಮಗ. ಇಬ್ಬರಿಗೂ ಪ್ರೇಮವಾಗಿ, ಹುಟ್ಟಿದ ಮಗು ತೀರಿಕೊಂಡಿತು. 1827ರ ಮೇ 18ರಂದು, ಓಡಿಹೋಗಿ ಮದುವೆಯಾಗೋಣವೆಂದು ನಂಬಿಸಿ ಕಾರ್ಡರ್ ಅವಳನ್ನು 'ಕೆಂಪು ಕಣಜ' ಎಂದು ಜನ ಕರೆಯುತ್ತಿದ್ದ ಕಟ್ಟಡಕ್ಕೆ ಬರಹೇಳಿದ. ಅಲ್ಲಿಗೆ ಹೋದ ಮರಿಯಾ ಮರಳಲಿಲ್ಲ. ತಾವಿಬ್ಬರೂ ಸುಖವಾಗಿದ್ದೇವೆಂದು ಕಾರ್ಡರನಿಂದ ಕಾಗದಗಳು ಮಾತ್ರ ಬರುತ್ತಿದ್ದವು. ಸುಮಾರು ಹನ್ನೊಂದು ತಿಂಗಳ ನಂತರ, 1828ರ ಏಪ್ರಿಲ್‌ನಲ್ಲಿ, ಕಣಜದ ನೆಲವನ್ನು ಅಗೆದಾಗ ಮಗಳ ಶವ ತಂದೆಯ ಕಣ್ಣಿಗೇ ಬಿತ್ತು. ಕಣಜವನ್ನು ಹುಡುಕುವಂತೆ ಮಲತಾಯಿ ಒತ್ತಾಯಿಸಿದ್ದು ಕನಸು ಕಂಡೆನೆಂಬ ಕಾರಣಕ್ಕೆ. ಈ ಕನಸಿನ ಸುದ್ದಿಯೇ ಪತ್ರಿಕೆಗಳಿಗೆ ಹಬ್ಬವಾಯಿತು. ಅಷ್ಟರಲ್ಲಿ ಕಾರ್ಡರ್ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಬೇರೊಬ್ಬಳನ್ನು ಮದುವೆಯಾಗಿ ಲಂಡನ್ ಬಳಿ ನೆಲೆಸಿದ್ದ.

ಆಗಸ್ಟ್‌ನಲ್ಲಿ ವಿಚಾರಣೆ ಶುರುವಾಯಿತು. ಜ್ಯೂರಿಗೆ ತೀರ್ಮಾನಕ್ಕೆ ಬರಲು ಹಿಡಿದದ್ದು 35 ನಿಮಿಷ. ಆಗಸ್ಟ್ 11ರಂದು ಅವನನ್ನು ಗಲ್ಲಿಗೇರಿಸುವಾಗ ಸಾವಿರಾರು ಜನ ನೆರೆದಿದ್ದರು.

ಅನಂತರ ನಡೆದದ್ದೇ ವಿಚಿತ್ರ. ಗಲ್ಲಿಗೆ ಹಾಕಿದ ಹಗ್ಗ ಇಂಚಿಗೆ ಒಂದು ಗಿನಿಯಂತೆ ಮಾರಾಟವಾಯಿತೆಂದು ಆ ಕಾಲದ ವರದಿಗಳು ಹೇಳುತ್ತವೆ. ಒಂದು ಗಿನಿಯೆಂದರೆ 21 ಶಿಲ್ಲಿಂಗ್. ಅಲ್ಲಿಯ ಕೃಷಿ ಕೂಲಿಯವನ ಹೆಚ್ಚುಕಡಿಮೆ ಎರಡು ವಾರದ ಸಂಪಾದನೆ! ಕೊಲೆಗಾರರ ದೇಹವನ್ನು ಛೇದನಕ್ಕೆ ಒಪ್ಪಿಸಬೇಕೆಂದು 1752ರ ಕಾಯಿದೆ ವಿಧಿಸಿತ್ತು. ಕೊಯ್ದಿಟ್ಟ ಶವವನ್ನು ನೋಡಲು ಐದು ಸಾವಿರ ಜನ ಸಾಲುಗಟ್ಟಿದರು. ಪುಸ್ತಕಕ್ಕೆ ರಟ್ಟು ಹೊದಿಸಲು ಚರ್ಮ ಹದ ಮಾಡಿದವನು ಅದೇ ಊರಿನ ಶಸ್ತ್ರವೈದ್ಯ. ಅಸ್ಥಿಪಂಜರ ವೈದ್ಯ ವಿದ್ಯಾರ್ಥಿಗಳ ಪಾಠಕ್ಕೆ ಬಳಕೆಯಾಗಿ, ಕಟ್ಟಕಡೆಗೆ 2004ರಲ್ಲಿ ದಹನಗೊಂಡಿತು. ಕೊಲೆ ನಡೆದ ಕಣಜದ ಹಲಗೆಗಳನ್ನು ಜನ ಕಿತ್ತೊಯ್ದರು. ಅದರ ಮರದ ಹಲ್ಲುಕಡ್ಡಿಗಳೂ ಬಿಕರಿಯಾದವು. ಕಣಜದ, ಕಾರ್ಡರನ ಪಿಂಗಾಣಿ ಬೊಂಬೆಗಳನ್ನು ಮಾಡಿ ಮನೆಯ ಅಲಂಕಾರಕ್ಕೆ ಮಾರಿದವರೂ ಉಂಟು.

ಇದಕ್ಕೆ ಹಿನ್ನೆಲೆಯೊಂದಿದೆ. ಗಲ್ಲಿಗೇರಿದವನ ಕೈ ಸವರಿದರೆ ಗಂಟು, ಗಡ್ಡೆ ಕರಗುತ್ತವೆ, ನೇಣಿನ ಹಗ್ಗದ ತುಂಡಿನಿಂದ ತಲೆನೋವು ವಾಸಿಯಾಗುತ್ತದೆ ಎಂಬ ನಂಬಿಕೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಬಲವಾಗಿತ್ತು. ಸಂತರ ಮೂಳೆ, ಬಟ್ಟೆಯ ಚೂರುಗಳನ್ನು ಪೂಜಿಸಿದ ಯುರೋಪಿಗೆ ವಸ್ತುವಿನಲ್ಲಿ ಶಕ್ತಿ ಉಳಿದಿರುತ್ತದೆಂಬ ಭಾವನೆ ಹೊಸದಲ್ಲ. ನಮಗೂ ಇದು ತಿಳಿಯದ್ದೇನಲ್ಲ. ಗುರುವಿನ ಪಾದುಕೆಯನ್ನು ಕಣ್ಣಿಗೊತ್ತಿಕೊಳ್ಳುವುದೂ, ಸೂತಕದ ಮನೆಗೆ ಹೋಗಿಬಂದವರು ಸ್ನಾನ ಮಾಡುವುದೂ ಒಂದೇ ತರ್ಕದ ಎರಡು ಮುಖಗಳು. ಪುಣ್ಯವೂ ಅಂಟುತ್ತದೆ, ಮೈಲಿಗೆಯೂ ಅಂಟುತ್ತದೆ. ದೂರದ ಮಾತೇಕೆ, ಕೋಲ್ಕತ್ತದ ಅಲಿಪುರ ಜೈಲಿನಲ್ಲಿ 2004ರಲ್ಲಿ ಗಲ್ಲುಶಿಕ್ಷೆ ಜಾರಿಗೊಳಿಸಿದ ನಾಟಾ ಮಲ್ಲಿಕ್ ನೇಣಿನ ಹಗ್ಗದ ತುಣುಕುಗಳನ್ನು ಮಾರುತ್ತಿದ್ದ ಸಂಗತಿ ಆಗ ದೊಡ್ಡ ಸುದ್ದಿಯಾಗಿತ್ತು. ಕೊಂಡವರು ಅದನ್ನು ಅದೃಷ್ಟದ ತಾಯಿತವಾಗಿ ಕಟ್ಟಿಕೊಳ್ಳುತ್ತಿದ್ದರು.

ತಾಯಿತದ ನಂಬಿಕೆ ಸಡಿಲವಾದಲ್ಲಿ ವ್ಯಾಪಾರ ಅದರ ಜಾಗ ಹಿಡಿಯಿತು. ಲಂಡನ್ನಿನ ಮೇಡಂ ಟುಸಾಡ್ ಮೇಣದ ಪ್ರದರ್ಶನದ 'ಭಯಾನಕ ಕೋಣೆ'ಗೆ ಬರೀ ಮೇಣದ ಬೊಂಬೆ ಸಾಲಲಿಲ್ಲ. 1890ರಲ್ಲಿ ಮೇರಿ ಪಿಯರ್ಸಿ ಎಂಬಾಕೆ ತಾಯಿ ಮಗುವನ್ನು ಕೊಂದು ಗಲ್ಲಿಗೇರಿದಾಗ, ಅವಳ ಅಡುಗೆಮನೆಯ ಸಾಮಾನುಗಳನ್ನೂ, ಶವ ಸಾಗಿಸಿದ ಮಗುವಿನ ತಳ್ಳುಗಾಡಿಯನ್ನೂ ಆ ಸಂಸ್ಥೆ ಕೊಂಡು ಪ್ರದರ್ಶನಕ್ಕಿಟ್ಟಿತು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1957ರಲ್ಲಿ ಸಿಕ್ಕಿಬಿದ್ದ ಎಡ್ ಗೀನ್‌ನ ಹಳೆಯ ಕಾರು ಮರುವರ್ಷ ಹರಾಜಿನಲ್ಲಿ 760 ಡಾಲರಿಗೆ ಹೋಯಿತು. ಕೊಂಡವನು ಅದನ್ನು ಜಾತ್ರೆಗಳಲ್ಲಿ ನಿಲ್ಲಿಸಿ ತಲೆಗೆ 25 ಸೆಂಟ್ ವಸೂಲಿ ಮಾಡಿದ.

ಕೊಳ್ಳುವವರ ಮನಸ್ಸನ್ನು ಪರೀಕ್ಷಿಸಿದ ಮನೋವಿಜ್ಞಾನಿಗಳೂ ಇದ್ದಾರೆ. ಬ್ರಿಟನ್ನಿನ ಬ್ರೂಸ್ ಹುಡ್ ತಮ್ಮ ಉಪನ್ಯಾಸಗಳಲ್ಲಿ ಒಂದು ಉಣ್ಣೆಯ ಅಂಗಿ ತೋರಿಸಿ, ಇದನ್ನು ತೊಡುವವರಿಗೆ ಹಣ ಕೊಡುವೆನೆನ್ನುತ್ತಿದ್ದರು. ಅನೇಕರು ಕೈ ಎತ್ತುತ್ತಿದ್ದರು. ಇದು ಸರಣಿ ಹಂತಕ ಫ್ರೆಡ್ ವೆಸ್ಟ್‌ನದು ಎಂದೊಡನೆ ಹೆಚ್ಚಿನ ಕೈಗಳು ಇಳಿಯುತ್ತಿದ್ದವು. ಇಳಿಸದೆ ಉಳಿದವರ ಪಕ್ಕದಲ್ಲಿದ್ದವರು ಸ್ವಲ್ಪ ಸರಿದು ಕೂರುತ್ತಿದ್ದರಂತೆ. ಸಂಗ್ರಹಕಾರ ಇಂಥ ಸಭೆಯಲ್ಲಿ ಕೈ ಇಳಿಸದವನು. ಬೇರೆಯವರ ಹೇಸಿಗೆಯೇ ಅವನ ಸರಕಿಗೆ ಬೆಲೆ ತರುತ್ತದೆ. ಕೆಡುಕನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಅದು ತನ್ನ ಹತೋಟಿಗೆ ಬಂದಂತೆ ಎಂಬ ಸಮಾಧಾನವೂ ಕೆಲವರಿಗೆ ಇರಬಹುದು. ಮಿಕ್ಕವರಿಗೆ ಇದು ಅಂಚೆಚೀಟಿಯ ಹಾಗೆ, ಅಪರೂಪದ್ದು ಸಿಕ್ಕರೆ ಸಾಕು.

ಕೊಲೆಯಾದವರ ಮನೆಯವರಿಗೆ ಅದು ಅಂಚೆಚೀಟಿಯಲ್ಲ. 33 ಯುವಕರು, ಹುಡುಗರನ್ನು ಕೊಂದ ಜಾನ್ ವೇನ್ ಗೇಸಿ ಜೈಲಿನಲ್ಲಿ ಕೋಡಂಗಿಗಳ ಚಿತ್ರ ಬರೆದು ಮಾರುತ್ತಿದ್ದ. 1994ರ ಮೇ ತಿಂಗಳಲ್ಲಿ ಅವನಿಗೆ ಮರಣದಂಡನೆಯಾಯಿತು. ಬಳಿಕ ಇಲಿನಾಯ್‌ನ ಇಬ್ಬರು ವ್ಯಾಪಾರಿಗಳು ಆ ಚಿತ್ರಗಳಲ್ಲಿ ಸುಮಾರು 25ನ್ನು ಹರಾಜಿನಲ್ಲಿ ಕೊಂಡು, ಮೃತರ ಬಂಧುಗಳ ಎದುರೇ ಸುಟ್ಟುಹಾಕಿದರು. ಜೆಫ್ರಿ ಡಾಮರ್‌ನ ಸಾಮಾನುಗಳ ಕತೆ ಇನ್ನೂ ತೊಡಕಿನದು. ಅವನು ಜೈಲಿನಲ್ಲಿ ಹತನಾದ ಮೇಲೆ ಅವು ಮೃತರ ಕುಟುಂಬಗಳ ಪಾಲಿಗೆ ಬಂದವು. ಹರಾಜು ಹಾಕಿದರೆ ಪರಿಹಾರದ ಹಣ ಸಿಗುತ್ತಿತ್ತು, ಆದರೆ ಊರಿಗೆ ಕೆಟ್ಟ ಹೆಸರು. ಮಿಲ್ವಾಕಿಯ ನಾಗರಿಕರು 4 ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿಸಿ ಅವನ್ನು ಕೊಂಡು, 1996ರಲ್ಲಿ ನಾಶಪಡಿಸಿದರು. ಅದೇ ವರ್ಷ ಇಂಗ್ಲೆಂಡಿನ ಗ್ಲಾಸ್ಟರ್ ನಗರಾಡಳಿತ ಫ್ರೆಡ್ ವೆಸ್ಟ್‌ನ ಮನೆಯನ್ನು ಕೆಡವಿಸಿ, ಇಟ್ಟಿಗೆಗಳನ್ನು ಪುಡಿಮಾಡಿಸಿ, ಮರಮುಟ್ಟನ್ನು ಸುಡಿಸಿತು. ಒಂದು ಚೂರೂ ನೆನಪಿನ ಕಾಣಿಕೆಯಾಗಿ ಯಾರ ಮನೆಗೂ ಹೋಗಬಾರದು ಎಂಬುದೇ ಉದ್ದೇಶ.

ಹೂಸ್ಟನ್ ನಗರದಲ್ಲಿ ಅಪರಾಧ ಸಂತ್ರಸ್ತರ ಪರ ಕೆಲಸ ಮಾಡುತ್ತಿದ್ದ ಆಂಡಿ ಕಹಾನ್ ಈ ದಂಧೆಗೆ 'ಮರ್ಡರಬಿಲಿಯ' ಎಂದು ಹೆಸರಿಟ್ಟು ಅದರ ವಿರುದ್ಧ ಹೋರಾಡಿದರು. 2001ರಲ್ಲಿ 'ಈಬೇ' ಹರಾಜು ಕಂಪೆನಿ ಇಂಥ ವಸ್ತುಗಳನ್ನು ನಿಷೇಧಿಸಿತು. ವ್ಯಾಪಾರ ಬೇರೆ ಕಡೆಗೆ ಸರಿಯಿತು, ನಿಲ್ಲಲಿಲ್ಲ. ಸರಕಾರವೇ ಮಾರಿದ್ದೂ ಉಂಟು. ಬಾಂಬುಗಳಿಂದ ಮೂವರನ್ನು ಕೊಂದ ಟೆಡ್ ಕಜಿನ್ಸ್ಕಿಯ ಬೆರಳಚ್ಚು ಯಂತ್ರ, ದಿನಚರಿ ಮುಂತಾದವನ್ನು ಕೋರ್ಟಿನ ಆದೇಶದಂತೆ 2011ರಲ್ಲಿ ಹರಾಜು ಹಾಕಲಾಯಿತು. ಬಂದ ಹಣ ಬಲಿಯಾದವರಿಗೆ ಮೀಸಲಾಗಿತ್ತು. ಮಾರುವುದು ಅವಮಾನವೋ, ನ್ಯಾಯವೋ ಎಂಬುದಕ್ಕೆ ಮಿಲ್ವಾಕಿಯ ಉತ್ತರ ಒಂದು, ಈ ಕೋರ್ಟಿನ ಉತ್ತರ ಇನ್ನೊಂದು.

ಇನ್ನು ಮರಿಯಾ ಮಾರ್ಟನ್. ಅವಳನ್ನು ಪೋಲ್‌ಸ್ಟೆಡ್ಡಿನ ಸೇಂಟ್ ಮೇರಿ ಚರ್ಚಿನ ಅಂಗಳದಲ್ಲಿ ಹೂಳಿದ್ದರು, ತಲೆಯ ಬಳಿ ಕಲ್ಲೊಂದನ್ನು ನಿಲ್ಲಿಸಿದ್ದರು. ಕಣಜ ನೋಡಲು ಬಂದವರು ಚರ್ಚಿಗೂ ಹೋದರು. ಹೋದವರೆಲ್ಲ ಕಲ್ಲಿನಿಂದ ಒಂದೊಂದು ಚಕ್ಕೆ ಕೆತ್ತಿಕೊಂಡು ಒಯ್ದರು, ಕಲ್ಲು ಪೂರ್ತಿ ಮುಗಿಯುವ ತನಕ. ಕೊಲೆಗಾರನ ಚರ್ಮ ಗಾಜಿನೊಳಗೆ ಭದ್ರವಾಗಿದೆ. ಅವಳ ಸಮಾಧಿ ಎಲ್ಲಿತ್ತೆಂದು ಹೇಳುವುದಕ್ಕೆ ಈಗ ಚರ್ಚಿನ ಅಂಗಳದ ಕೊಟ್ಟಿಗೆಗೆ ಹೊಡೆದ ಫಲಕವೊಂದೇ ಇದೆ.